ಅಲುಗದ ಮಹಡಿ

ಫೆಬ್ರವರಿ 10

ಇಷ್ಟು ವರ್ಷ ಮನಸ್ಸಿಗೆ ಬಂದದ್ದನ್ನೆಲ್ಲ ತಂಗಿ ರೌಶಾನಳಿಗೆ ಕಾಗದ ಬರೆದು ಹಗುರಾಗುತ್ತಿದ್ದೆ. ಇವತ್ತಿನದನ್ನು ಅವಳಿಗೆ ಬರೆಯುವ ಹಾಗಿಲ್ಲ. ಬರೆದರೆ ಕನ್ನಡಕ ಸಿಗಲಿಲ್ಲವೆಂದು ಪಕ್ಕದ ಮನೆಯವಳ ಕೈಲಿ ಓದಿಸುತ್ತಾಳೆ. ಮಾರನೆಯ ಬೆಳಿಗ್ಗೆಗೆ ಕರಗಂಡ ಊರಿಗೂರೇ ನನ್ನ ಮನೆ ಸುದ್ದಿ ಮಾತಾಡುತ್ತದೆ. ಅದಕ್ಕೇ ಇಲ್ಲಿ ಬರೆದುಕೊಳ್ಳುತ್ತೇನೆ. ಓದುವವಳೂ ನಾನೇ, ಬೈಯುವವಳೂ ನಾನೇ.

ಆ ಹೆಂಗಸು ಬಂದಿದ್ದಾಳೆ. ಈ ಅಲ್ಮಾಟಿಯಲ್ಲಿ ಅವಳಿಗೆ ಬೇರೆ ಕಟ್ಟಡವೇ ಸಿಗಲಿಲ್ಲ, ನಾನು ಕೆಲಸ ಮಾಡುವಲ್ಲಿಗೇ ಬಂದಿದ್ದಾಳೆ.

ಮ್ಯಾನೇಜರ್ ತೆಮಿರ್‌ಖಾನ್‌ಗೆ ಏನೂ ಗೊತ್ತಿಲ್ಲ ಪಾಪ. ಹಲ್ಲು ಬಿಟ್ಟುಕೊಂಡು ಕರೆತಂದು, ಕುಲಾಶ್ ಅಪಾ, ಇವರು ಶಿನಾರ್, ಜಪಾನಿನಲ್ಲಿ ಓದಿ ಬಂದ ಇಂಜಿನಿಯರು, ಒಂಟೆಯ ಲೆಕ್ಕವೆಲ್ಲ ಇನ್ನು ಮೇಲೆ ಇವರದೇ ಎಂದ. ಇಲ್ಲಿ ಎಲ್ಲರಿಗೂ ನಾನು ಅಪಾ, ಹಿರಿಯಮ್ಮ. ಅವಳು ಮೊಣಕಾಲು ತುಸು ಮಡಿಸಿ, ಸೊಸೆ ಅತ್ತೆಗೆ ಬಾಗುವ ಹಾಗೆ ಬಾಗಿದಳು. ನಾನು ಗೋಡೆ ನೋಡಿದೆ. ನನ್ನ ಮಗ ಕೈರಾಟ್‌ನನ್ನು ಬಿಟ್ಟು, ಒಂದು ಪೆಟ್ಟಿಗೆ ಹಿಡಿದು, ತಿರುಗಿ ನೋಡದೆ ಹೋದವಳು. ಈಗ ಯಾವ ಮುಖ ಇಟ್ಟುಕೊಂಡು ಬಾಗುತ್ತಾಳೆ?

ಒಂಟೆ ಎಂದರೆ ಇಪ್ಪತ್ತನಾಲ್ಕು ಮಹಡಿಯ ಈ ಕಟ್ಟಡದ ನೆತ್ತಿಯ ಮೇಲೆ ಹಳಿ ಹಾಕಿ ಕೂರಿಸಿರುವ ದೊಡ್ಡ ಕಬ್ಬಿಣದ ತೂಕ. ಗಾಳಿಗೋ ಭೂಕಂಪಕ್ಕೋ ಕಟ್ಟಡ ತೂಗತೊಡಗಿದರೆ ಮೋಟಾರು ಆ ತೂಕವನ್ನು ಹಳಿಯ ಮೇಲೆ ಅತ್ತಿತ್ತ ದಬ್ಬಿ ಅಲುಗಾಟವನ್ನು ಅದುಮುತ್ತದೆ. ಮಂಡಿಯೂರಿದ ಒಂಟೆಯಂತೆ ಕಾಣುತ್ತದೆಂದು ಕೆಲಸಗಾರರು ಹೆಸರಿಟ್ಟರು. ಒಂಟೆಗೆ ಕಣ್ಣಿಲ್ಲ. ಕಟ್ಟಡ ಯಾವಾಗ ಎತ್ತ ಅಲುಗುತ್ತಿದೆ ಎಂದು ಅದಕ್ಕೆ ಹೇಳುವುದು ಎರಡು ಸೆನ್ಸರ್ ಡಬ್ಬಿಗಳು. ಆ ಡಬ್ಬಿಗಳಿಗೆ ಜಾಗ ಗೊತ್ತು ಮಾಡಿ, ಕೈಯಾರೆ ಬೋಲ್ಟು ಹಾಕಿ ಕೂರಿಸಿದವಳು ನಾನು. ಲೆಕ್ಕ ಅವಳದಾದರೆ ಆಗಲಿ. ಜಾಗ ನನ್ನದು.

ಫೆಬ್ರವರಿ 11

ನಿದ್ದೆ ಸರಿಯಾಗಿ ಬರಲಿಲ್ಲ. ಕೋಪಕ್ಕೆ ಹಿಟ್ಟು ನಾದಿ ಬೌರ್ಸಾಕ್ ಕರಿದೆ. ಒಬ್ಬಳಿಗೆ ಎಷ್ಟು ಬೇಕು? ಅರ್ಧವನ್ನು ಕೆಲಸಗಾರರಿಗೆ ಕೊಟ್ಟೆ.

ಡಬ್ಬಿ ಕೂರಿಸುವುದನ್ನು ನನಗೆ ಯಾವ ಶಾಲೆಯೂ ಕಲಿಸಲಿಲ್ಲ. ಊರ ಮೇಲಿನ ಬೆಟ್ಟದ ಭೂಕಂಪ ಠಾಣೆಗೆ ಹುಡುಗಿಯಾಗಿದ್ದಾಗ ನೆಲ ಗುಡಿಸಲು ಹೋದವಳು ನಾನು. ನೋಡುತ್ತ ನೋಡುತ್ತ ಉಪಕರಣದ ಕಾಗದ ಬದಲಿಸಲು ಕಲಿತೆ, ನೆಲದ ನಡುಕಕ್ಕೆ ಸೂಜಿ ಅದರ ಮೇಲೆ ಎಳೆಯುವ ಗೆರೆ ಓದಲು ಕಲಿತೆ, ಕೊನೆಗೆ ಉಪಕರಣಕ್ಕೆ ಜಾಗ ಹುಡುಕುವುದಿದ್ದರೆ ಕುಲಾಶಳನ್ನೇ ಕರೆಯಿರಿ ಎನ್ನುವಷ್ಟಾದೆ. ಆ ಕೆಲಸದ ಮೊದಲ ಪಾಠವೂ ಕೊನೆಯ ಪಾಠವೂ ಒಂದೇ: ಎಲ್ಲಕ್ಕಿಂತ ಸದ್ದಿಲ್ಲದ ಜಾಗ ಹುಡುಕು. ರಸ್ತೆ ಹತ್ತಿರ ಬೇಡ, ಮೋಟಾರು ಹತ್ತಿರ ಬೇಡ. ಮರದ ಬೇರು ಗಾಳಿಗೆ ಮಿಸುಕಿದರೂ ಗೆರೆ ಕೊಳೆಯಾಗುತ್ತದೆ. ಬಂಡೆಯೊಳಗೆ ಸುರಂಗ ತೋಡಿ ಉಪಕರಣ ಇಡುತ್ತಿದ್ದೆವು. ಭೂಮಿಯ ಆ ಕಡೆ ನಡುಗಿದರೂ ನಮಗೆ ಕೇಳುತ್ತಿತ್ತು.

ಇಲ್ಲೂ ಹಾಗೇ ಮಾಡಿದೆ. ಡಬ್ಬಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಒಂದೊಂದೇ ಮಹಡಿ ಹತ್ತಿದೆ. ನೆತ್ತಿಯ ಮೇಲೆ ಒಂಟೆಯ ಮೋಟಾರು, ಗೆರೆಯೆಲ್ಲ ಮುಳ್ಳುಮುಳ್ಳು. ಎಂಟನೆಯ ಮಹಡಿಯಲ್ಲಿ ಗೆರೆ ಮೀನಿನ ಹಾಗೆ ಒದ್ದಾಡಿತು. ಹದಿನೇಳನೆಯದರಲ್ಲಿ, ಲಿಫ್ಟಿನ ಗೋಡೆಯ ಪಕ್ಕ, ಬಾಚಿದ ಕೂದಲಿನಂಥ ಗೆರೆ ಬಂತು. ಅಲ್ಲೊಂದು ಕೂರಿಸಿದೆ. ಇನ್ನೊಂದು ನೆಲಮಾಳಿಗೆಯಲ್ಲಿ, ಅಡಿಪಾಯದ ಮೇಲೆ. ಅಷ್ಟು ಸ್ವಚ್ಛ ಗೆರೆ ಬೆಟ್ಟದ ಮೇಲೂ ಸಿಕ್ಕಿರಲಿಲ್ಲ.

ಫೆಬ್ರವರಿ 14

ಶುರು ಮಾಡಿದಳು. ನಮ್ಮ ಆಫೀಸಿನ ತಗಡಿನ ಕೋಣೆಯಲ್ಲಿ ಎಲ್ಲರೂ ಚಹಾಕ್ಕೆ ಕೂತಿದ್ದಾಗ, ತಲೆ ಬಗ್ಗಿಸಿಕೊಂಡೇ ಕೇಳಿದಳು: ಮೇಲಿನ ಡಬ್ಬಿಯನ್ನು ಒಂಟೆಯ ಪಕ್ಕದಲ್ಲೇ ಇಟ್ಟು ನೋಡಬಹುದೇ, ಕೆಳಗಿನದನ್ನು ಎಂಟನೆಯ ಮಹಡಿಗೆ ತರಬಹುದೇ ಎಂದು.

"ಕಮ್ಮಾರನ ಕುಲುಮೆ ಪಕ್ಕ ಕೂತ್ಕೊಂಡು ಕೈಗಡಿಯಾರದ ಸದ್ದು ಕೇಳಿಸ್ಕೋತೀಯೇನೇ? ಜಪಾನಿನಲ್ಲಿ ಇದನ್ನೇನಾ ಕಲಿಸಿದ್ದು?" ಎಂದೆ.

ಬೆಸುಗೆಯವರು ಹೋ ಎಂದು ನಕ್ಕರು. ಅವಳು ನನ್ನ ಬಟ್ಟಲಿಗೆ ಚಹಾ ಬಗ್ಗಿಸಿದಳು, ಅಂಚಿನ ತನಕ, ತುಂಬ. ತುಂಬಿಸಿಕೊಟ್ಟ ಬಟ್ಟಲಿನ ಅರ್ಥ ನನಗೆ ಗೊತ್ತಿಲ್ಲವೇ? ಕುಡಿದು ಎದ್ದು ಹೋಗು ಎಂದು. ಸೊಸೆಯಾಗಿದ್ದಾಗ ಒಂದು ದಿನವೂ ಹಾಗೆ ಕೊಟ್ಟವಳಲ್ಲ, ಎರಡೆರಡು ಗುಟುಕು ಹಾಕಿ ಮತ್ತೆ ಮತ್ತೆ ಕೊಡುತ್ತಿದ್ದಳು. ಈಗ ಹಲ್ಲು ಬಂದಿದೆ.

ಪೂರ್ತಿ ಕುಡಿದೆ. ಎದ್ದು ಮಾತ್ರ ಹೋಗಲಿಲ್ಲ. ಕತ್ತಲಾಗುವ ತನಕ ಅಲ್ಲೇ ಕೂತಿದ್ದೆ.

ಫೆಬ್ರವರಿ 16

ಭಾನುವಾರ. ಕೈರಾಟ್ ಊಟಕ್ಕೆ ಬಂದಿದ್ದ. ಅವನೀಗ ಗೆಳೆಯನ ಗ್ಯಾರೇಜಿನ ಮೇಲೆ ಇರುತ್ತಾನೆ. ಕುದುರೆ ಮಾಂಸ ಬೇಯಿಸಿದ್ದೆ, ಚೆನ್ನಾಗಿ ತಿಂದ. ಸೊರಗಿದ್ದಾನೆ. ಆ ಹೆಂಗಸು ಹೋದಮೇಲೆ ಸ್ವಲ್ಪ ಕುಡಿತ ಹತ್ತಿದೆ. ಮೊದಲೂ ಸ್ವಲ್ಪ ಇತ್ತು, ಅಷ್ಟು ಯಾವ ಗಂಡಸಿಗಿಲ್ಲ?

ವಿಷಯ ಹೇಳಿದೆ. ಚಮಚ ಕೆಳಗಿಟ್ಟು ನಕ್ಕ.

"ದೇವರೇ ಅವಳನ್ನ ತಂದು ನಿನ್ನ ಕೈಗೆ ಹಾಕಿದಾನಮ್ಮಾ. ಬಿಡಬೇಡ."

ಬಿಡುವುದಿಲ್ಲ ಎಂದೆ. ಅವಳು ಹೋದದ್ದಾದರೂ ಯಾಕೆ? ಮೂವರೂ ಒಂದೇ ಮನೆಯಲ್ಲಿದ್ದೆವು. ಒಂದು ದಿನವೂ ಜಗಳದ ಸದ್ದು ಕೇಳಿದವಳಲ್ಲ ನಾನು. ಅವರ ಕೋಣೆಯಿಂದ ನನ್ನ ಕೋಣೆಯ ತನಕ ಬರುತ್ತಿದ್ದದ್ದು ಟೀವಿಯ ಸದ್ದೊಂದೇ. ಅಷ್ಟು ಶಾಂತವಾದ ಮನೆಯನ್ನು ಒದ್ದು ಹೋದಳಲ್ಲ, ಅದಕ್ಕೆ ನನಗೆ ಉರಿ.

ಫೆಬ್ರವರಿ 20

ಇವತ್ತು ಒಂಟೆಯನ್ನು ಮೊದಲ ಸಲ ಓಡಿಸಿದರು. ಮೊದಲು ಒಂಟೆಯಿಂದಲೇ ಕಟ್ಟಡವನ್ನು ಮೆಲ್ಲಗೆ ತೂಗಿಸಿದರು, ತೊಟ್ಟಿಲಿನ ಹಾಗೆ. ಆಮೇಲೆ ಅದುಮು ಎಂದು ಅಪ್ಪಣೆ ಕೊಟ್ಟರು. ಮೇಲಿನ ಮಹಡಿಯಲ್ಲಿ ಮೇಜಿನ ಮೇಲಿಟ್ಟ ನೀರು ನೋಡನೋಡುತ್ತಿದ್ದ ಹಾಗೆ ಸುಮ್ಮನಾಯಿತು. ತೆಮಿರ್‌ಖಾನ್ ನನ್ನ ಭುಜ ಹಿಡಿದು ಕುಲುಕಿದ. ಅವಳು ಮಾತ್ರ ಪರದೆಯ ಮುಂದೆ ಹುಬ್ಬು ಗಂಟಿಕ್ಕಿ ನಿಂತಿದ್ದಳು. ಒಳ್ಳೆಯದಾದರೂ ಸಹಿಸದ ಮುಖ.

ಕೆಳಗಿಳಿದರೆ ಎಂಟನೆಯ ಮಹಡಿಯ ಬಾಲ್ಕಿಯಾ ಚಪ್ಪಲಿಯಲ್ಲೇ ಓಡಿಬಂದಿದ್ದಾಳೆ. ಶಾಲೆಯಲ್ಲಿ ಸಂಗೀತ ಕಲಿಸುವವಳು. ಕಟ್ಟಡ ಪೂರ್ತಿ ಮುಗಿಯುವ ಮೊದಲೇ ಅಮ್ಮನನ್ನು ಕರೆದುಕೊಂಡು ಇರಲು ಬಂದ ನಾಲ್ಕಾರು ಮನೆಗಳವರಲ್ಲಿ ಒಬ್ಬಳು. ಗೋಡೆಗೆ ನೇತು ಹಾಕಿದ ದೊಂಬ್ರಾದ ತಂತಿ ಯಾರೂ ಮುಟ್ಟದೆ ಗುಂಯ್‌ಗುಟ್ಟುತ್ತಿದೆ, ನೆಲ ಸಣ್ಣಗೆ, ಬೇಗಬೇಗ ನಡುಗುತ್ತಿದೆ ಎಂದಳು. ಅದು ನೀರೆತ್ತುವ ಪಂಪಿನ ನಡುಕ ಎಂದೆ.

"ಅಪಾ, ಪಂಪಿಗೆ ಸಂಗೀತ ಬರಲ್ಲ," ಎಂದಳು.

ನಾಲಗೆ ಹರಿತ ಈಗಿನ ಹೆಣ್ಣುಮಕ್ಕಳದು.

ಫೆಬ್ರವರಿ 21

ಪಂಪು ನಿನ್ನೆ ಇಡೀ ದಿನ ಬಂದ್ ಆಗಿತ್ತಂತೆ. ಇರಲಿ. ಹಳೆಯ ದೊಂಬ್ರಾ, ತಂತಿ ಸಡಿಲವಿರಬೇಕು.

ಫೆಬ್ರವರಿ 27

ಮಧ್ಯಾಹ್ನ ಭೂಮಿ ನಡುಗಿತು. ದೊಡ್ಡದಲ್ಲ. ಬೀದಿಯ ನಾಯಿಗಳೂ ಎದ್ದು ಮತ್ತೆ ಮಲಗಿದವು. ಸುತ್ತಲ ಕಟ್ಟಡಗಳಲ್ಲಿ ಒಂದು ಬಟ್ಟಲೂ ಒಡೆಯಲಿಲ್ಲ. ನಮ್ಮಲ್ಲಿ ಒಂಟೆ ತಾನಾಗಿ ಎಚ್ಚೆತ್ತು ಓಡಿತು. ನೆತ್ತಿಯ ಮೇಲೆ ಚೆನ್ನಾಗಿಯೇ ಅದುಮಿತಂತೆ. ಏಳು, ಎಂಟು, ಒಂಬತ್ತನೆಯ ಮಹಡಿಗಳಲ್ಲಿ ಮಾತ್ರ ನಡುಕ ನಿಲ್ಲಲೇ ಇಲ್ಲ. ಭೂಮಿ ಸುಮ್ಮನಾದ ಮೇಲೂ ಅಲ್ಲಿ ಏರುತ್ತಲೇ ಹೋಯಿತು. ಶಿನಾರ್ ಮೇಲೆ ಓಡಿ ಒಂಟೆಯ ಕರೆಂಟು ತೆಗೆದಮೇಲೆ ನಿಂತಿತು. ಅಷ್ಟರಲ್ಲಿ ಬಾಲ್ಕಿಯಾಳ ಮನೆಯ ಪಾತ್ರೆಯ ಕಪಾಟು ಮಗುಚಿಬಿದ್ದು ಅವಳ ಅಮ್ಮನ ಮಣಿಕಟ್ಟು ಮುರಿದಿದೆ. ನನ್ನ ವಯಸ್ಸಿನವಳು.

ಬಾಲ್ಕಿಯಾ ಎಲ್ಲರ ಎದುರಿಗೆ ನನ್ನನ್ನೂ ಸೇರಿಸಿಯೇ ಕೇಳಿದಳು.

"ನಿಮ್ಮ ಯಂತ್ರ ಭೂಕಂಪ ನಿಲ್ಲಿಸೋಕೆ ಇಟ್ಟಿರೋದಾ, ನಮ್ಮನೇಲಿ ಹೊಸದು ಹುಟ್ಟಿಸೋಕಾ?"

ಸಂಜೆ ಸಭೆ. ಒಂಟೆಯನ್ನು ಸರಪಳಿ ಹಾಕಿ ಕಟ್ಟಿದ್ದಾರೆ. ಮಾರ್ಚ್ 18ಕ್ಕೆ ಸರ್ಕಾರದ ಪರೀಕ್ಷಕರು ಬರುತ್ತಾರೆ, ಅವತ್ತು ಎಂಟನೆಯ ಮಹಡಿ ಹೀಗೇ ನಡುಗಿದರೆ ಶಿನಾರ್ ಪೆಟ್ಟಿಗೆ ಕಟ್ಟಬೇಕು, ಬೇರೆಯವರನ್ನು ತರುತ್ತೇನೆ ಎಂದು ತೆಮಿರ್‌ಖಾನ್ ಅವಳ ಮುಖದ ಮೇಲೇ ಹೇಳಿದ. ನನಗೆ ಎದೆ ತಂಪಾಯಿತು, ಸುಳ್ಳು ಯಾಕೆ ಬರೆಯಲಿ.

ಆಮೇಲೆ ಅವನು ಡಬ್ಬಿಗಳ ಜಾಗ ಸರಿಯಿದೆಯೇ ಎಂದು ಕೇಳಿದ. ಅವಳು ನನ್ನ ಕಡೆ ನೋಡಿದಳು.

"ಅಪಾ ಕೂರಿಸಿದ್ದು," ಎಂದಳು. ಅಷ್ಟೇ.

ಸರಿಯಿದೆ ಎಂದೇ ಎಲ್ಲರೂ ತಿಳಿದರು. ನಾಲ್ಕು ಜನರ ಎದುರಿಗೆ ಸೊಸೆಯಾದವಳು ಅತ್ತೆಯ ಮಾತು ಮುರಿಯಬಾರದು, ನಮ್ಮಲ್ಲಿ ಅದು ಮೊದಲಿಂದ ಬಂದದ್ದು. ಆದರೆ ಅದು ಮನೆಯಲ್ಲಿರುವ ಸೊಸೆಗೆ. ಮನೆ ಬಿಟ್ಟವಳು ಮನೆಯ ಮರ್ಯಾದೆ ಯಾಕೆ ಹೊತ್ತು ತಿರುಗುತ್ತಾಳೆ? ನಾಟಕ. ಬೆಸುಗೆಯವರ ಕೈಲಿ ಡಬ್ಬಿ ಬಿಚ್ಚಿಸಲು ನೋಡಿದಳಂತೆ, ಅಪಾ ಕೈಯಾರೆ ಕೂರಿಸಿದ್ದನ್ನು ನಾವು ಬಿಚ್ಚುವುದೇ ಎಂದು ಅವರು ನುಣುಚಿಕೊಂಡರಂತೆ. ಒಳ್ಳೆಯ ಹುಡುಗರು.

ಫೆಬ್ರವರಿ 28

ಬಾಲ್ಕಿಯಾಳ ಅಮ್ಮನಿಗೆ ಸಾರು ಕೊಟ್ಟು ಬಂದೆ. ಎಡಗೈಯಲ್ಲಿ ಚೆಲ್ಲಿಕೊಂಡು ಕುಡಿದಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ತಿರುಗಿಸಿ ಕೊಡಬಹುದಿತ್ತು.

ಮಾರ್ಚ್ 3

ಹದಿನೇಳನೆಯ ಮಹಡಿಯಲ್ಲಿ ಡಬ್ಬಿಯ ಧೂಳು ಒರೆಸುತ್ತಿದ್ದೆ. ಮೆಟ್ಟಿಲು ಹತ್ತಿಕೊಂಡು ಬಂದಳು, ಒಬ್ಬಳೇ. ಜನ ಇಲ್ಲದ ಕಡೆ ಅವಳಿಗೆ ಬಾಯಿ ಬರುತ್ತದೆ.

ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡುತ್ತೇನೆ, ಮುಂದೆ ಜಗಳಕ್ಕೆ ಬೇಕಾಗುತ್ತದೆ. ಈ ಕಟ್ಟಡಕ್ಕೆ ಎರಡು ಥರದ ಅಲುಗಾಟವಿದೆಯಂತೆ. ಒಂದು ನಿಧಾನದ್ದು, ಇಡೀ ಕಟ್ಟಡ ಜೋಳದ ದಂಟಿನ ಹಾಗೆ ಬಾಗಿ ಏಳುವುದು. ಇನ್ನೊಂದು ಬೇಗದ್ದು, ನೆತ್ತಿ ಒಂದು ಕಡೆ ಹೋದರೆ ಹೊಟ್ಟೆ ಇನ್ನೊಂದು ಕಡೆ ಹೋಗುವುದು, ಹಾವಿನ ಹಾಗೆ. ಆ ಎರಡನೆಯದರಲ್ಲಿ ನಡುವೆ ಎಲ್ಲೋ ಒಂದು ಜಾಗ ಅತ್ತಲೂ ಹೋಗದೆ ಇತ್ತಲೂ ಹೋಗದೆ ನಿಂತಿರುತ್ತದಂತೆ. ಅದೇ ಹದಿನೇಳನೆಯ ಮಹಡಿಯಂತೆ. ಅಲ್ಲಿ ಕೂತ ಡಬ್ಬಿಗೆ ಬೇಗದ ನಡುಕ ಇದೆಯೆಂದೇ ಗೊತ್ತಾಗುವುದಿಲ್ಲ. ಗೊತ್ತಾಗದೆ ಒಂಟೆ ದಬ್ಬುತ್ತದೆ, ದಬ್ಬಿದಷ್ಟೂ ಎಂಟನೆಯ ಮಹಡಿ ಕುಣಿಯುತ್ತದೆ. ನೆಲಮಾಳಿಗೆಯ ಡಬ್ಬಿಗಂತೂ ಕಟ್ಟಡ ಅಲುಗುವುದೇ ಕೇಳುವುದಿಲ್ಲ.

"ಬೆಟ್ಟದ ಮೇಲೆ ನಿಮಗೆ ದೂರದ್ದು ಕೇಳಬೇಕಿತ್ತು, ಅದಕ್ಕೆ ಹತ್ತಿರದ ಸದ್ದು ಬೇಡವಾಗಿತ್ತು. ಇಲ್ಲಿ ಹತ್ತಿರದ್ದೇ ಕೇಳಬೇಕು ಅಪಾ. ಎಲ್ಲಿ ಜಾಸ್ತಿ ಒದ್ದಾಡತ್ತೋ ಅಲ್ಲೇ ಡಬ್ಬಿ ಇರಬೇಕು."

ನನ್ನ ಗೆರೆಯಷ್ಟು ಸ್ವಚ್ಛ ಗೆರೆ ಈ ಊರಲ್ಲಿ ಯಾರ ಹತ್ತಿರ ಇದೆ ತೋರಿಸು ಎಂದೆ. ಸ್ವಚ್ಛವಾಗಿದೆ, ಅದೇ ತೊಂದರೆ ಎಂದಳು. ತೆಮಿರ್‌ಖಾನ್‌ಗೆ ಹೇಳಿಕೋ ಹೋಗು ಎಂದೆ.

"ಹೇಳಿದ್ರೆ ಅವರು ನಿಮ್ಮನ್ನ ತೆಗೀತಾರೆ. ಅದಕ್ಕೇ ನಿಮ್ಮ ಹತ್ರಾನೇ ಬಂದೆ."

ಅವಳ ಕರುಣೆ ಯಾರಿಗೆ ಬೇಕಾಗಿತ್ತು? ಮನೆ ಮುರಿದವಳಿಂದ ಕಟ್ಟಡ ಕಟ್ಟುವ ಪಾಠ ನನಗೆ ಬೇಡ ಎಂದೆ. ಇನ್ನೂ ಕೆಟ್ಟದ್ದೂ ಅಂದೆ. ಅವಳು ಇಳಿದು ಹೋಗುತ್ತ ತಿರುಗಿದಳು.

"ಆ ಮನೇಲಿ ನಿಮ್ಮ ಕೋಣೆ ಎಲ್ಲಿತ್ತು ಅಪಾ?"

ಇದೆಂಥ ಪ್ರಶ್ನೆ? ನನ್ನ ಕೋಣೆ ಮನೆಯ ತುದಿಯಲ್ಲಿದೆ, ಮೊಗಸಾಲೆ ದಾಟಿ, ಎರಡು ಬಾಗಿಲಾಚೆ. ನನ್ನದು ಕೋಳಿನಿದ್ದೆ, ಅದಕ್ಕೆ ಸದ್ದಿಲ್ಲದ ಕೋಣೆ ನಾನೇ ಆರಿಸಿಕೊಂಡೆ. ಅದಕ್ಕೂ ಡಬ್ಬಿಗೂ ಏನು ಸಂಬಂಧ? ತಲೆ ಕೆಟ್ಟವಳು.

ಮಾರ್ಚ್ 8

ಹೆಂಗಸರ ಹಬ್ಬ. ಕೈರಾಟ್ ಟುಲಿಪ್ ಹೂವು ತಂದ. ಬೆಳಿಗ್ಗೆ ಬರುತ್ತೇನೆಂದವನು ಸಂಜೆ ಬಂದ. ಬಾಯಿ ವಾಸನೆ ಇತ್ತು, ಹಬ್ಬದ ದಿನ ಗೆಳೆಯರು ಬಿಟ್ಟಿರಲಿಕ್ಕಿಲ್ಲ. ಅವಳನ್ನು ಓಡಿಸಿದೆಯಾ ಎಂದು ಕೇಳಿದ. ಹದಿನೆಂಟಕ್ಕೆ ಗೊತ್ತಾಗುತ್ತದೆ ಎಂದೆ. ನೀನು ಸುಮ್ಮನೆ ಕೂತಿದ್ದರೆ ಸಾಕಮ್ಮಾ, ತಾನೇ ಬೀಳುತ್ತಾಳೆ ಎಂದು ಹೇಳಿ ತುಂಬ ಹೊತ್ತು ನಕ್ಕ.

ಮನೆಯ ಬೆಕ್ಕು ಅವನ ಕಾಲಿಗೆ ಅಡ್ಡ ಬಂತು. ಒದ್ದ. ಅದು ಗೋಡೆಗೆ ಬಡಿದು ಬಿತ್ತು. ಕತ್ತಲಲ್ಲಿ ಕಾಣಲಿಲ್ಲವೇನೋ. ದೀಪ ಹಾಕಿತ್ತು, ಆದರೂ.

ಬೆಕ್ಕು ಮಂಚದಡಿ ಸೇರಿದ್ದು ಇನ್ನೂ ಹೊರಗೆ ಬಂದಿಲ್ಲ. ಹಾಲು ಇಟ್ಟಿದ್ದೇನೆ.

ಮಾರ್ಚ್ 11

ನಿನ್ನೆ ಒಳ್ಳೆ ಹಿಮ ಬಿತ್ತು. ಬಹುಶಃ ಈ ವರ್ಷದ ಕೊನೆಯದು. ನೌರಿಜ್ ಹಬ್ಬ ಹತ್ತಿರ ಬಂತೆಂದು ಎಲ್ಲರೂ ಜಮಖಾನ ಹೊರಗೆ ತಂದು ಹಿಮದ ಮೇಲೆ ಹಾಕಿ ಬಡಿಯುತ್ತಿದ್ದರು. ಬಾಲ್ಕಿಯಾ ಒಬ್ಬಳೇ ಒದ್ದಾಡುತ್ತಿದ್ದಳು, ಅವಳ ಅಮ್ಮನ ಕೈ ಪಟ್ಟಿಯಲ್ಲಿದೆಯಲ್ಲ. ಕೊಡೇ ಇಲ್ಲಿ ಎಂದು ಒಂದು ತುದಿ ನಾನು ಹಿಡಿದೆ.

ನಡುಮನೆಯ ಉದ್ದನೆಯ ಹಾಸು ಅದು. ಮೇಲೆ ಹಿಮ ಚೆಲ್ಲಿ ಉಜ್ಜಿ, ಆಮೇಲೆ ಇಬ್ಬರೂ ತುದಿ ಹಿಡಿದು ಝಾಡಿಸಿದೆವು. ಮೊದಲು ನಿಧಾನಕ್ಕೆ. ಇಡೀ ಹಾಸು ಉಬ್ಬಿ ಇಳಿಯಿತು. ಆಮೇಲೆ ಬಾಲ್ಕಿಯಾಗೆ ಕೈಗೆ ಚಳಿ ಹತ್ತಿ ಬೇಗಬೇಗ ಝಾಡಿಸತೊಡಗಿದಳು, ನಾನೂ ಬಿಡಲಿಲ್ಲ. ಅವಳ ಕಡೆ ಅರ್ಧ ಮೇಲೆದ್ದಾಗ ನನ್ನ ಕಡೆ ಅರ್ಧ ಕೆಳಗೆ. ಹಿಮವೆಲ್ಲ ಎರಡೂ ಕಡೆ ಹಾರಿಹೋಯಿತು. ನಡುವೆ ಮಾತ್ರ ಒಂದು ಪಟ್ಟೆ ಹಿಮ ಹಾಗೇ ಕೂತಿತ್ತು. ಎಷ್ಟು ಝಾಡಿಸಿದರೂ ಒಂದು ಹರಳೂ ಜಾರಲಿಲ್ಲ. ನಾವಿಬ್ಬರೂ ಬೆವರಿ ಏದುಸಿರು ಬಿಡುತ್ತಿದ್ದೆವು, ಆ ಪಟ್ಟೆ ಏನೂ ಆಗುತ್ತಿಲ್ಲವೆಂಬಂತೆ ಮಲಗಿತ್ತು.

ಬಾಲ್ಕಿಯಾ ಏನಾಯಿತು ಅಪಾ ಎಂದಳು. ನಾನು ಝಾಡಿಸುವುದನ್ನು ನಿಲ್ಲಿಸಿ ಅದನ್ನೇ ನೋಡುತ್ತ ನಿಂತಿದ್ದೆನಂತೆ.

ಕೊನೆಗೆ ಕೈಯಿಂದ ಬಳಿದು ತೆಗೆದೆ.

ಮಾರ್ಚ್ 12

ಹದಿನೇಳಕ್ಕೆ ಹೋಗಿ ಬಂದೆ. ಡಬ್ಬಿ ಇದ್ದಲ್ಲೇ ಇದೆ. ಗೆರೆ ಸ್ವಚ್ಛ.

ಮಾರ್ಚ್ 13

ಮತ್ತೆ ಹೋದೆ. ಕೂತು ಬಂದೆ.

ಮಾರ್ಚ್ 14

ಡಬ್ಬಿಗಳನ್ನು ಸರಿಸಿದೆ. ಇದು ಅವಳಿಗಾಗಿ ಅಲ್ಲ. ಬಾಲ್ಕಿಯಾಳ ಅಮ್ಮನ ಇನ್ನೊಂದು ಮಣಿಕಟ್ಟೂ ಹೋದರೆ ಆ ಮನೆಯಲ್ಲಿ ಹಿಟ್ಟು ನಾದುವವರು ಯಾರು?

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಹದಿನೇಳನೆಯದನ್ನು ಬಿಚ್ಚಿದೆ. ನಾನೇ ಬಿಗಿದ ಬೋಲ್ಟು, ಬಿಚ್ಚಲು ಬೆವರಿಳಿಯಿತು. ಒಂದನ್ನು ನೆತ್ತಿಯ ಮೇಲೆ ಒಂಟೆಯ ಹಳಿಯ ಪಕ್ಕ ಕೂರಿಸಿದೆ, ಇನ್ನೊಂದನ್ನು ನೆಲಮಾಳಿಗೆಯಿಂದ ಎತ್ತಿ ತಂದು ಎಂಟನೆಯ ಮಹಡಿಯ ಓಣಿಯಲ್ಲಿ, ಬಾಲ್ಕಿಯಾಳ ಬಾಗಿಲ ಪಕ್ಕದಲ್ಲೇ. ಎರಡೂ ಕಡೆ ಗೆರೆಯೆಲ್ಲ ಮುಳ್ಳುಮುಳ್ಳು. ಬೆಟ್ಟದ ಮೇಲೆ ಇಂಥ ಗೆರೆ ತಂದಿದ್ದರೆ ನನ್ನನ್ನು ಮತ್ತೆ ಪೊರಕೆಗೇ ಕಳಿಸುತ್ತಿದ್ದರು.

ಆಮೇಲೆ ತಗಡಿನ ಕೋಣೆಗೆ ಹೋಗಿ ಅವಳ ಮೇಜಿನ ಮುಂದೆ ನಿಂತೆ.

"ಸರಿಸಿದೀನಿ. ನೀನು ಕೇಳಿದ ಜಾಗಕ್ಕೇ. ಇನ್ನು ನಿನ್ನ ಲೆಕ್ಕ ನೀನು ನೋಡ್ಕೋ. ತಪ್ಪಿದ್ರೆ ನನ್ನ ಹೆಸರು ಎತ್ತಬೇಡ."

ಎದ್ದು ನಿಂತಳು. ಏನೋ ಹೇಳಲು ಹೋದಳು, ಬೇಡ ಎಂದು ಕೈ ಅಡ್ಡ ಹಿಡಿದೆ. ಅವಳ ಕಣ್ಣೀರು ನೋಡಿಕೊಂಡು ನಿಲ್ಲಲು ನನಗೆ ಪುರುಸೊತ್ತಿಲ್ಲ. ತಂತಿ ಎಳೆಯುವುದು ಬಾಕಿಯಿತ್ತು.

ಮಾರ್ಚ್ 16

ಭಾನುವಾರವೂ ಕೆಲಸ. ಒಂಟೆಯ ಸರಪಳಿ ಬಿಚ್ಚಿ ಮೆಲ್ಲಗೆ ನಡೆಸಿ ನೋಡುತ್ತಿದ್ದೇವೆ. ಅವಳು ಮೇಲೆ ಪರದೆಯ ಮುಂದೆ, ನಾನು ಎಂಟನೆಯ ಮಹಡಿಯಲ್ಲಿ ನೆಲಕ್ಕೆ ಅಂಗೈ ಒತ್ತಿ. ಫೋನಿನಲ್ಲಿ, ಹೆಚ್ಚಾಯಿತು, ಕಮ್ಮಿ ಮಾಡು, ಹ್ಞಾಂ ಈಗ ಸರಿ ಎಂದು ಕೂಗುವುದು ನನ್ನ ಕೆಲಸ. ನಡುನಡುವೆ ಜಗಳ ಆಡಿದೆವು. ಶಿನಾರ್ ಹಟಮಾರಿ. ನಾನು ನಿಂತಿತು ಎಂದರೂ ಇನ್ನೂ ಇದೆ ಅಪಾ, ಅಂಗೈ ತೆಗೆಯಬೇಡಿ ಎನ್ನುತ್ತಾಳೆ. ಇತ್ತು ಕೂಡ, ಸ್ವಲ್ಪ.

ಮಧ್ಯಾಹ್ನ ಬಾಲ್ಕಿಯಾಳ ಅಮ್ಮ ಇಬ್ಬರನ್ನೂ ಒಳಗೆ ಕರೆದು ಉಣ್ಣಲು ಕೂರಿಸಿದಳು. ಶಿನಾರ್ ತುಂಬ ಕಮ್ಮಿ ತಿನ್ನುತ್ತಾಳೆ. ಮೊದಲು ಹೀಗಿರಲಿಲ್ಲ.

ಕೈರಾಟ್ ಊಟಕ್ಕೆ ಬಂದು ಬೀಗ ನೋಡಿಕೊಂಡು ಹೋದನಂತೆ. ಮರೆತೇಬಿಟ್ಟಿದ್ದೆ.

ಮಾರ್ಚ್ 18

ಪರೀಕ್ಷಕರು ಮೂವರು ಬಂದಿದ್ದರು. ಅವರಲ್ಲಿ ದಪ್ಪನೆಯವನು ಎಂಟನೆಯ ಮಹಡಿಯಲ್ಲಿ ಬಾಲ್ಕಿಯಾಳ ಸೋಫಾದ ಮೇಲೆ ಕೂತು, ನೀರು ತುಂಬಿದ ಲೋಟ ಮೊಣಕಾಲ ಮೇಲಿಟ್ಟುಕೊಂಡು, ಓಡಿಸಿ ಎಂದ. ಮೊದಲು ನಿಧಾನದ ತೂಗಾಟ, ಆಮೇಲೆ ಬೇಗದ ನಡುಕ. ಎರಡನ್ನೂ ಒಂಟೆಯಿಂದಲೇ ಎಬ್ಬಿಸಿ ಎರಡನ್ನೂ ಅದರಿಂದಲೇ ಅದುಮಿಸಿದರು. ಬೇಗದ್ದು ಎದ್ದಾಗ ಕಪಾಟಿನ ಗಾಜು ಕಿಣಿಕಿಣಿ ಎಂದಿತು, ಬಾಲ್ಕಿಯಾ ಅಮ್ಮನ ಭುಜ ಹಿಡಿದುಕೊಂಡಳು. ಮರುಗಳಿಗೆ ನಿಂತಿತು. ಪೂರ್ತಿ. ನಾನು ನೆಲಕ್ಕೆ ಅಂಗೈ ಒತ್ತಿ ಹುಡುಕಿದೆ, ಸಿಗಲಿಲ್ಲ. ಲೋಟದ ನೀರು ದಪ್ಪನೆಯವನ ಪ್ಯಾಂಟಿನ ಮೇಲೆ ಬೀಳಲಿಲ್ಲ. ಬಿದ್ದದ್ದು ಅವನು ಎದ್ದು ನಿಂತಾಗ.

ತೆಮಿರ್‌ಖಾನ್ ಕುಣಿಯುವುದೊಂದು ಬಾಕಿ. ಏನು ಬದಲಾಯಿಸಿದಿರಿ, ಯಾರು ಬದಲಾಯಿಸಿದ್ದು ಎಂದು ಎಲ್ಲರ ಎದುರು ಕೇಳಿದ. ಶಿನಾರ್ ಮತ್ತೆ ನೆಲ ನೋಡುತ್ತ ನಿಂತಳು. ನನಗೆ ರೇಗಿತು.

"ನನ್ನ ಸೊಸೆ ಹೇಳಿದ್ಲು, ಡಬ್ಬಿ ತಪ್ಪು ಜಾಗದಲ್ಲಿದೆ ಅಂತ. ಸರಿಸಿದೆ. ಅದಕ್ಕೇನೀಗ?"

ತೆಮಿರ್‌ಖಾನ್ ನನ್ನನ್ನೂ ಅವಳನ್ನೂ ಮತ್ತೆ ಮತ್ತೆ ನೋಡಿದ. ಅವಳ ಕೆಲಸ ಉಳಿಯಿತು. ನನ್ನದನ್ನು ಅವನು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಜನ ಇಳಿದುಹೋದ ಮೇಲೆ ಒಂಟೆಗೆ ಹೊದಿಕೆ ಹಾಕಲು ನಾವಿಬ್ಬರೇ ಮೇಲೆ ಉಳಿದೆವು. ಬೆಟ್ಟ ಎದುರಿಗೇ ಇತ್ತು, ಬಿಸಿಲು ಚೆನ್ನಾಗಿತ್ತು. ಅವಳು ಹೊದಿಕೆಯ ಹಗ್ಗ ಗಂಟು ಹಾಕುತ್ತಿದ್ದಳು. ಕೇಳಬೇಕೆಂದು ಇಟ್ಟುಕೊಂಡದ್ದಲ್ಲ, ಬಾಯಿಗೆ ಬಂತು.

"ಅವನು ನಿನ್ನ ಹೊಡೀತಿದ್ನಾ?"

ಗಂಟು ಹಾಕುವುದನ್ನು ನಿಲ್ಲಿಸಲಿಲ್ಲ.

"ಮೊದ್ಲು ಟೀವಿ ಜೋರು ಮಾಡ್ತಿದ್ದ ಅಪಾ. ನಿಮ್ಮ ನಿದ್ದೆ ಕೆಡಬಾರದು ಅಂತ."

ಒಂದು ಸಲವಾದರೂ ನನ್ನ ಬಾಗಿಲು ಬಡಿಯಬಾರದಿತ್ತೇ ಎಂದೆ. ಬಡಿದರೆ ನಾನು ಏನು ಹೇಳುತ್ತಿದ್ದೆ ಎಂದು ಅವಳು ಕೇಳಲಿಲ್ಲ. ಹಗ್ಗದ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟಳು, ಎಳೆದು ಹಿಡಿದುಕೊಂಡೆ.

ಆಮೇಲೆ ಡಬ್ಬಿಯ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿದೆ. ಬಿಗಿಯಾಗೇ ಇದ್ದವು.

ಮಾರ್ಚ್ 20

ರೌಶಾನ್ ಫೋನು ಮಾಡಿದ್ದಳು. ಯಾಕೆ ಕಾಗದವಿಲ್ಲ, ಹುಷಾರಿದ್ದೀಯಾ ಎಂದಳು. ಹಬ್ಬದ ಕೆಲಸ ಎಂದೆ. ಕೈರಾಟ್ ಹೇಗಿದ್ದಾನೆ ಎಂದಳು. ಲೈನು ಸರಿಯಿಲ್ಲ ಎಂದು ಇಟ್ಟೆ. ಲೈನು ಚೆನ್ನಾಗಿತ್ತು.

ಮಾರ್ಚ್ 22

ನೌರಿಜ್. ಹಬ್ಬದ ಕೊಝೆ ದೊಡ್ಡ ಪಾತ್ರೆಯಲ್ಲಿ ಮಾಡಿದ್ದೆ. ಗೋಧಿ, ಹುಳಿ ಹಾಲು, ಚಳಿಗಾಲದ ಕೊನೆಯ ಮಾಂಸ, ಎಲ್ಲ ಹಾಕಿ. ಬೆಳಿಗ್ಗೆಯಿಂದ ನೆರೆಹೊರೆಯವರು ಬರುತ್ತಲೇ ಇದ್ದರು, ಹೊಟ್ಟೆ ತುಂಬ ಕುಡಿದು ಹರಸಿ ಹೋದರು. ಬಾಲ್ಕಿಯಾ ಅಮ್ಮನನ್ನು ಕರೆದುಕೊಂಡು ಬಂದಿದ್ದಳು. ಶಿನಾರ್ ಬರಲಿಲ್ಲ. ನಾನು ಕರೆಯಲೂ ಇಲ್ಲ. ಯಾವ ಬಾಯಲ್ಲಿ ಕರೆಯಲಿ, ಈ ಮನೆಗೆ?

ಮಧ್ಯಾಹ್ನ ಕೈರಾಟ್ ಬಂದ. ಹಸಿದಿದ್ದ. ಬಡಿಸಿದೆ. ಎರಡು ಚಮಚ ಕುಡಿದವನೇ ಶುರು ಮಾಡಿದ. ಗ್ಯಾರೇಜಿಗೆ ಬಂದ ಬೆಸುಗೆಯವನು ಯಾರೋ ಹೇಳಿದನಂತೆ, ಎಲ್ಲರ ಎದುರು ನಾನು ಅವಳನ್ನು ಎತ್ತಿ ಹಿಡಿದೆನೆಂದು. ನನ್ನನ್ನು ಮುದುಕಿ ಎಂದ. ಅವಳನ್ನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಕೇಳಿಸಿಕೊಂಡು ಮುಗಿಸಿ, ಅವಳ ಮೇಲೆ ಕೈ ಮಾಡುತ್ತಿದ್ದೆಯಾ ಎಂದು ಕೇಳಿದೆ.

ಚಮಚ ಬಾಯಿಯ ಹತ್ತಿರ ನಿಂತಿತು. ನನ್ನ ಮುಖ ನೋಡಿದ. ಆಮೇಲೆ ಕುಡಿದ.

"ಗಂಡ ಹೆಂಡತಿ ಅಂದ್ಮೇಲೆ ಒಂದೆರಡು ಸಲ ಇರತ್ತಮ್ಮಾ. ಎಲ್ಲರ ಮನೇಲೂ ಇದೆ. ನಿಂಗೇನಾದ್ರೂ ತೊಂದ್ರೆ ಆಯ್ತಾ?"

ಅವನ ಮುಂದಿದ್ದ ಬಟ್ಟಲನ್ನು ಎತ್ತಿಕೊಂಡೆ. ಅರ್ಧ ಇತ್ತು ಇನ್ನೂ. ಬಾಗಿಲು ತೆರೆದು ನಿಂತೆ. ಮೊದಲು ನಕ್ಕ, ಆಮೇಲೆ ಕೂಗಾಡಿದ, ಆಮೇಲೆ ನನ್ನ ಕೈಲಿದ್ದ ಬಟ್ಟಲನ್ನೇ ನೋಡುತ್ತ ಬೂಟು ಹಾಕಿಕೊಂಡ. ಮೆಟ್ಟಿಲಲ್ಲಿ ನೆರೆಯವರು ಇಣುಕಿದರು. ಇಣುಕಲಿ.

ನೌರಿಜ್ ದಿನ ಮನೆಗೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬಾರದು. ಕಳಿಸಿದೆ.